ಐವತ್ತರ ಮೇಲೆ ಹಾಯಿದೋಣಿ: ಮೊದಲು ನಿಮ್ಮ ತೂಕ ಹೇಳಿ ಮಾರಾಯ್ರೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಸುರತ್ಕಲ್ ಕಡೆಯವರೊಬ್ಬರ ಪತ್ರ ಬಂದಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ನೇವಲ್ ವಿಂಗ್‌ನಲ್ಲಿದ್ದಾಗ ಹಾಯಿದೋಣಿ ನಡೆಸಿದವರಂತೆ, ಈಗ ಐವತ್ತು ದಾಟಿದೆಯಂತೆ, ಮಕ್ಕಳು ಬೆಂಗಳೂರು ಸೇರಿದ್ದಾರೆ, ಒಬ್ಬರೇ ಕೂತು ರೇಸ್ ಮಾಡುವಂಥ ಒಂದು ಡಿಂಗಿ, ಅಂದರೆ ಸಣ್ಣ ಹಾಯಿದೋಣಿ, ತಗೊಳ್ಳುವ ಆಸೆ, ಯಾವುದು ತಗೊಳ್ಳಲಿ ಬಲ್ಲವರು ಹೇಳಿ ಅಂತ. ಮೂರು ದೋಣಿಗಳ ಹೆಸರನ್ನೂ ಬರೆದಿದ್ದರು. ಇಲ್ಕಾ 7, ಆರ್‌ಎಸ್ ಏರೋ, ಮತ್ತೆ ಪರಿಚಯದವರು ಯಾರೋ ಕಮ್ಮಿಗೆ ಕೊಡ್ತೇನೆ ಅಂದ ಹಳೆ ಫಿನ್. ಅದನ್ನು ಓದಿ ನಾನು ಚಹಾ ಆರಿಸಿಕೊಂಡೆ. ಮೂರು ವರ್ಷದ ಹಿಂದೆ ನಾನು ಇದೇ ಮೂರು ಹೆಸರು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದವನು. ಆಗ ಕೇಳಲಿಕ್ಕೆ ಜನ ಇರಲಿಲ್ಲ. ಹಾಗಾಗಿ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದೀತು, ಕತ್ತರಿ ಹಾಕುವುದಿದ್ದರೆ ಕೊನೆಯಲ್ಲಿ ಹಾಕಿ, ಮಧ್ಯದಲ್ಲಿ ಬೇಡ.

ಮಾರಾಯ್ರೇ, ನೀವು ಎಲ್ಲವನ್ನೂ ಬರೆದಿರಿ, ನಿಮ್ಮ ತೂಕ ಎಷ್ಟು ಅಂತ ಬರೆಯಲಿಲ್ಲ. ಎತ್ತರ ಬೇಡ, ಬಜೆಟ್ ಆಮೇಲೆ. ತೂಕ ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನನ್ನ ಕತೆ ಕೇಳಿ. ನಾನೂ ನೇವಲ್ ವಿಂಗ್‌ನವನೇ. ಆಗ ನಮಗೆ ಸಿಕ್ಕಿದ್ದು ವೇಲರ್, ಹುಟ್ಟು ಹಾಕಿ ಹಾಕಿ ಅಂಗೈ ಬೊಬ್ಬೆ ಬರುವ ಭಾರದ ದೋಣಿ, ಮತ್ತೆ ಕ್ಯಾಂಪಿನಲ್ಲಿ ಎಂಟರ್‌ಪ್ರೈಸ್. ನೀಲಿ ಹಾಯಿಯ ಆ ದೋಣಿ ನಿಮಗೂ ನೆನಪಿರಬೇಕು. ಅದರಲ್ಲಿ ಇಬ್ಬರು. ಒಬ್ಬ ಚುಕ್ಕಾಣಿ ಮತ್ತು ದೊಡ್ಡ ಹಾಯಿ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಮುಂದಿನ ಸಣ್ಣ ಹಾಯಿ. ತಪ್ಪಾದರೆ ಇನ್ನೊಬ್ಬನಿಗೆ ಬೈಯಬಹುದು, ಅದೊಂದು ದೊಡ್ಡ ಅನುಕೂಲ. ಆಮೇಲೆ ಕೊಲ್ಲಿಗೆ ಹೋದೆ, 26 ವರ್ಷ ಅಲ್ಲೇ, ಅಲ್ಲಿ ನಾಲ್ಕಾರು ಸಲ ಯಾರದೋ ಲೇಸರ್ (ಇಲ್ಕಾದ ಹಳೆ ಹೆಸರು) ಹತ್ತಿದ್ದು ಬಿಟ್ಟರೆ ಏನಿಲ್ಲ. ಊರಿಗೆ ಬಂದು ಕಲ್ಯಾಣಪುರದಲ್ಲಿ ಮನೆ ಮಾಡಿದೆ. ಸಂಜೆ ಸ್ವರ್ಣಾ ನದಿಯ ಸೇತುವೆ ಮೇಲೆ ನಿಂತರೆ ಪಡುಗಾಳಿ ಮುಖಕ್ಕೆ ಬಡಿಯುತ್ತದೆ, ನೀರಿನಲ್ಲಿ ಒಂದು ಹಾಯಿ ಇಲ್ಲ. ಅದನ್ನು ನೋಡಿ ನೋಡಿ ತಡೆಯಲಿಲ್ಲ.

ಹಳೆ ಲೇಸರ್ ಒಂದು ಸಿಕ್ಕಿತು. ಹಳೆ ಸ್ಕೂಟರಿಗಿಂತ ಜಾಸ್ತಿ, ಹಳೆ ಕಾರಿಗಿಂತ ಕಮ್ಮಿ ಬೆಲೆ. ಗೂಡ್ಸ್ ಟೆಂಪೋದಲ್ಲಿ ಹಾಕಿ ತಂದೆವು. ಸಂತೆಕಟ್ಟೆಯಲ್ಲಿ ಒಬ್ಬರು ನಿಲ್ಲಿಸಿ, ಇದು ಎಂತ, ಕಂಬಳದ ಹಲಗೆಯಾ ಅಂತ ಕೇಳಿದರು. ಅಷ್ಟು ದೊಡ್ಡ ಹಲಗೆಯಾದರೆ ಕೋಣ ಎಷ್ಟು ದೊಡ್ಡದಿರಬೇಕು ಅಂತ ನಾನು. ದೋಣಿಯ ಜೊತೆ ಬಂದದ್ದು ಪೂರ್ತಿ ಅಳತೆಯ ಹಾಯಿ, ಅಂದರೆ ಈಗ ಇಲ್ಕಾ 7 ಅನ್ನುತ್ತಾರಲ್ಲ ಅದು, 7.06 ಚದರ ಮೀಟರ್. ಗಂಡಸರು ಒಲಿಂಪಿಕ್‌ನಲ್ಲಿ ಬಳಸುವುದು ಅದನ್ನೇ ಅಲ್ವಾ, ನನಗೆ ಬೇರೆ ಎಂತಕ್ಕೆ ಅಂತ ಒಳಗಿಂದೊಳಗೆ ಒಂದು ಜಂಬ.

ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ ಕೋಡಿ ಬೆಂಗ್ರೆ ಹತ್ತಿರ ಹೊಳೆಗೆ ಇಳಿಸಿದೆ. ಒಂದು ಗಂಟೆಯ ತನಕ ಸ್ವರ್ಗ. ಎರಡು ಗಂಟೆಗೆ ಗಾಳಿ ಏರಿತು. ಆಮೇಲೆ ಐದು ಸಲ ಮಗುಚಿದೆ. ಮೂರನೆಯ ಸಲ ದೋಣಿಯ ಮೇಲೆ ಹತ್ತಲಿಕ್ಕೇ ಆಗಲಿಲ್ಲ, ತೋಳಲ್ಲಿ ಬಲ ಇಲ್ಲ, ಹೊಟ್ಟೆ ಅಡ್ಡ. ಕೊನೆಗೆ ಒಂದು ಕುದ್ರುವಿನ, ಅಂದರೆ ಹೊಳೆಯ ನಡುವಿನ ದ್ವೀಪದ, ಕೆಸರಿಗೆ ಹೋಗಿ ಸಿಕ್ಕಿಬಿದ್ದೆ. ಅಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ನೋಡುತ್ತಿದ್ದರು. ಒಬ್ಬರು ಕೇಳಿದರು, "ಅಣ್ಣಾ, ನೀವು ದೋಣಿಯನ್ನು ಕೊಂಡುಹೋಗುವುದಾ, ದೋಣಿ ನಿಮ್ಮನ್ನಾ?" ಉತ್ತರ ಇರಲಿಲ್ಲ.

ಉತ್ತರ ಆಮೇಲೆ ಗೊತ್ತಾಯಿತು. ನನ್ನ ತೂಕ 68 ಕಿಲೋ. ಒಬ್ಬರೇ ನಡೆಸುವ ದೋಣಿಯಲ್ಲಿ ಗಾಳಿ ಹಾಯಿಯನ್ನು ಒಂದು ಕಡೆಗೆ ಒತ್ತುತ್ತದೆ, ಅದನ್ನು ಸರಿದೂಗಿಸಲಿಕ್ಕೆ ಇರುವುದು ನಿಮ್ಮ ಮೈ ಒಂದೇ. ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಮೈಯನ್ನು ದೋಣಿಯ ಹೊರಗೆ ಚಾಚಿ ನೇತಾಡಬೇಕು, ಹೈಕಿಂಗ್ ಅನ್ನುತ್ತಾರೆ. ಈಗ ಗಾಳಿಯ ಲೆಕ್ಕ ನೋಡಿ. ಗಾಳಿಯ ವೇಗ ಏರಿದ ಹಾಗೆ ಅದರ ಒತ್ತಡ ಅಷ್ಟೇ ಪ್ರಮಾಣದಲ್ಲಿ ಏರುವುದಲ್ಲ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 10 ನಾಟ್ ಗಾಳಿ 14 ನಾಟ್ ಆದರೆ, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಇದ್ದದ್ದು 26 ಆದರೆ, ಹಾಯಿಯ ಮೇಲಿನ ಒತ್ತಡ ಹೆಚ್ಚುಕಮ್ಮಿ ಎರಡು ಪಟ್ಟು. ನಿಮ್ಮ ತೂಕ ಮಾತ್ರ ಒಂದು ಗಂಟೆಯಲ್ಲಿ ಎರಡು ಪಟ್ಟು ಆಗುವುದಿಲ್ಲ, ಮದುವೆ ಊಟ ಮಾಡಿ ಬಂದರೂ ಆಗುವುದಿಲ್ಲ. ನನಗೆ ಒಂದು ಗಂಟೆಯ ಸ್ವರ್ಗ, ಎರಡು ಗಂಟೆಯ ನರಕ ಆದದ್ದು ಹಾಗೆ.

ಇಲ್ಕಾದಲ್ಲಿ ಇದಕ್ಕೆ ಸುಲಭ ದಾರಿ ಉಂಟು. ದೋಣಿಯ ಮೈ ಒಂದೇ, ಹಾಯಿ ಮೂರು ಅಳತೆ. 7 ಅಂದರೆ 7.06 ಚದರ ಮೀಟರ್, 6 ಅಂದರೆ 5.76, 4 ಅಂದರೆ 4.7. ಮಾಸ್ಟ್, ಅಂದರೆ ಹಾಯಿಯ ಕಂಬ, ಎರಡು ತುಂಡಿನದ್ದು, ಮೇಲಿನ ತುಂಡು ಮೂರಕ್ಕೂ ಅದೇ, ಕೆಳಗಿನ ತುಂಡು ಮತ್ತು ಹಾಯಿ ಬದಲಿಸಿದರೆ ಆಯಿತು. ಒಲಿಂಪಿಕ್ ಮಟ್ಟದಲ್ಲಿ 7 ನಡೆಸುವವರು 80 ಕಿಲೋ ಆಸುಪಾಸಿನ ಗಟ್ಟಿಮುಟ್ಟಾದ ಹುಡುಗರು, ದಿನಾ ಜಿಮ್‌ಗೆ ಹೋಗುವವರು. 55ರಿಂದ 70 ಕಿಲೋ ಇರುವವರಿಗೆ 6 ಸರಿ. ನಾನು 6ರ ಕೆಳಗಿನ ತುಂಡು ಮತ್ತು ಬಳಸಿದ ಹಾಯಿ ತರಿಸಿದೆ. ಗೊತ್ತಿದ್ದವರೊಬ್ಬರು "ಅದು ಹೆಂಗಸರ ಹಾಯಿ ಅಲ್ವಾ" ಅಂದರು. ಹೌದು, 2008ರ ಬೀಜಿಂಗ್‌ನಿಂದ ಮಹಿಳೆಯರ ಒಲಿಂಪಿಕ್ ದೋಣಿ ಅದೇ, ಚೆನ್ನೈಯ ನೇತ್ರಾ ಕುಮನನ್ ಟೋಕಿಯೋಗೂ ಪ್ಯಾರಿಸ್‌ಗೂ ಹೋದದ್ದು ಅದರಲ್ಲೇ. ಆ ಹಾಯಿ ಹಿಡಿದು 15 ನಾಟ್ ಗಾಳಿಯಲ್ಲಿ ನೇತ್ರಾ ಹಿಂದೆ ಅರ್ಧ ಗಂಟೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ ಅಂದೆ. ಒಂದು ಮಾತು ಮಾತ್ರ ಒಪ್ಪಬೇಕು, ಗಾಳಿ ಕಮ್ಮಿ ಇರುವ ದಿನ ಸಣ್ಣ ಹಾಯಿ ಬೇಜಾರು. ಡಿಸೆಂಬರ್‌ನಲ್ಲಿ ಕೆಲವು ದಿನ ಹೊಳೆಯ ಮಧ್ಯೆ ಸುಮ್ನೆ ಕೂತು ನೀರುಕಾಗೆ ಎಣಿಸಿದ್ದೇನೆ. ಅಂಥ ದಿನ 7ರ ಹಾಯಿ ಹಾಕುತ್ತೇನೆ, ಮಾರಲಿಲ್ಲ, ಅಟ್ಟದಲ್ಲಿ ಉಂಟು.

ಈಗ ನಿಮ್ಮ ಫಿನ್. ಚಂದದ ದೋಣಿ, ಸ್ವೀಡನ್ನಿನ ರಿಕಾರ್ಡ್ ಸಾರ್ಬಿ 1949ರಲ್ಲಿ ವಿನ್ಯಾಸ ಮಾಡಿದ್ದು, 1952ರ ಹೆಲ್ಸಿಂಕಿಯಿಂದ ಟೋಕಿಯೋ ತನಕ ಒಲಿಂಪಿಕ್‌ನಲ್ಲಿ ಇತ್ತು, ಪ್ಯಾರಿಸ್‌ಗೆ ಕೈಬಿಟ್ಟರು. ಬ್ರಿಟನ್ನಿನ ಬೆನ್ ಏನ್ಸ್‌ಲಿ 2000ದಲ್ಲಿ ಲೇಸರ್‌ನಲ್ಲಿ ಚಿನ್ನ ಗೆದ್ದು ಆಮೇಲೆ ಫಿನ್‌ಗೆ ಹೋಗಲಿಕ್ಕೆ ಬೇಕೆಂದೇ ತೂಕ ಏರಿಸಿಕೊಂಡರು, ತಿಂದು ತಿಂದು, ಜಿಮ್ ಮಾಡಿ. ಆಮೇಲೆ ಮೂರು ಚಿನ್ನ ಅದರಲ್ಲಿ. ಅಂದರೆ ಜಗತ್ತಿನ ಉತ್ತಮ ಸೈಲರ್‌ಗೇ ತೂಕದ ಲೆಕ್ಕ ತಪ್ಪಲಿಲ್ಲ. ನೀವು 95 ಕಿಲೋ ಇದ್ದರೆ ಫಿನ್ ಬಗ್ಗೆ ಯೋಚಿಸಿ. ಆದರೂ ದೋಣಿಯೇ 100 ಕಿಲೋ ದಾಟುತ್ತದೆ. ಪಣಂಬೂರಿನ ಹೊಯಿಗೆಯಲ್ಲಿ ಅದನ್ನು ಒಬ್ಬರೇ ಎಳೆದುಕೊಂಡು ಬರುವ ಚಿತ್ರ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಮ್ಮಿಗೆ ಯಾಕೆ ಕೊಡ್ತಾರೆ ಅಂತ ಗೊತ್ತಾಗುತ್ತದೆ.

ಏರೋ ಬಗ್ಗೆ ನನಗೆ ಈಗಲೂ ಹೊಟ್ಟೆಕಿಚ್ಚು. 2014ರಲ್ಲಿ ಬಂದ ದೋಣಿ, 4 ಮೀಟರ್ ಉದ್ದ, ಮೈ ಬರೀ 30 ಕಿಲೋ, ಅಂದರೆ ಲೇಸರ್‌ನ ಅರ್ಧ. ಕಾರ್ಬನ್ ಮಾಸ್ಟ್. ಇದರಲ್ಲೂ 5, 6, 7, 9 ಅಂತ ಹಾಯಿಯ ಅಳತೆಗಳು ಉಂಟು, ತೂಕಕ್ಕೆ ತಕ್ಕ ಹಾಗೆ ಆರಿಸಬಹುದು. ನಮ್ಮ ವಯಸ್ಸಿನವರ ಸೊಂಟಕ್ಕೆ ಮಾಡಿದ್ದಾ ಅನ್ನಿಸುತ್ತದೆ. ನೀವು ಯುರೋಪಿನಲ್ಲಿದ್ದಿದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಇಲ್ಲಿ ಮಾತ್ರ ಒಂದು ಪಿನ್ ಕಳೆದರೂ, ಮಾಸ್ಟ್ ಬಿರುಕು ಬಿಟ್ಟರೂ ಹಡಗಿನಲ್ಲಿ ಬರುವ ತನಕ ಕಾಯಬೇಕು, ಸುಂಕ ಕಟ್ಟಬೇಕು. ಅಷ್ಟು ಹೊತ್ತಿಗೆ ಸೀಸನ್ ಮುಗಿದು ಮಳೆ ಬಂದಿರುತ್ತದೆ. ಅದಕ್ಕಿಂತ ದೊಡ್ಡದು, ಪಕ್ಕದಲ್ಲಿ ಇನ್ನೊಂದು ಏರೋ ಇಲ್ಲದಿದ್ದರೆ ರೇಸ್ ಯಾರ ಜೊತೆ? ಬೇರೆ ಬೇರೆ ಜಾತಿಯ ದೋಣಿಗಳನ್ನು ಸೇರಿಸಿ, ಮುಗಿಸಿದ ಸಮಯಕ್ಕೆ ಭಾಗಾಕಾರ ಗುಣಾಕಾರ ಮಾಡಿ ಗೆದ್ದವರನ್ನು ಹೇಳುವ ಕ್ರಮ ಉಂಟು. ಆದರೆ ಮುಂದೆ ಹೋದವನು ಗೆದ್ದ ಅಂತ ಕಣ್ಣಲ್ಲೇ ಕಾಣುವುದರಲ್ಲಿ ಇರುವ ಮಜಾ ಕ್ಯಾಲ್ಕ್ಯುಲೇಟರಿನಲ್ಲಿ ಇಲ್ಲ.

ಹಾಗಾಗಿ ನನ್ನ ಮತ ಇಲ್ಕಾಗೆ, ಹಳೆಯದ್ದಕ್ಕೆ, 6ರ ಹಾಯಿಗೆ. ಹೆಸರಿನ ಗೊಂದಲ ಒಂದು ಬಿಡಿಸಿಬಿಡುತ್ತೇನೆ. ಲೇಸರ್ ಮತ್ತು ಇಲ್ಕಾ ಒಂದೇ ದೋಣಿ, ಹೆಸರಿನ ಹಕ್ಕಿನ ಜಗಳದಿಂದ 2019ರಲ್ಲಿ ಪಂಗಡದ (ದೋಣಿಯ ಕ್ಲಾಸ್‌ನ) ಹೆಸರು ಬದಲಾಯಿತು ಅಷ್ಟೇ. ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಫೋನಿನಲ್ಲಿ ಮಾತಾಡುತ್ತಾ ಗೀಚಿದ ಚಿತ್ರ ಅದು, ಕಾರಿನ ತಲೆಯ ಮೇಲೆ ಕಟ್ಟಿ ಒಯ್ಯುವ ದೋಣಿ ಬೇಕು ಅಂತ ಯಾರೋ ಕೇಳಿದ್ದಕ್ಕೆ. ಇವತ್ತಿಗೆ 2 ಲಕ್ಷಕ್ಕಿಂತ ಜಾಸ್ತಿ ದೋಣಿ ಆಗಿದೆ. ಮುಂಬೈ, ಚೆನ್ನೈ, ಹೈದರಾಬಾದಿನ ಹುಸೇನ್ ಸಾಗರ, ಎಲ್ಲಿ ಹೋದರೂ ಇದೇ. ಬಿಡಿಭಾಗ ಸಿಗುತ್ತದೆ, ಹಳೆಯ ಹಾಯಿ ಸಿಗುತ್ತದೆ, ಬೈದು ಕಲಿಸುವವರೂ ಸಿಗುತ್ತಾರೆ.

ಹೊಗಳಿದ್ದು ಸಾಕು. ಈ ದೋಣಿಯ ಕೆಟ್ಟ ಗುಣ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಕೋಲು, ಬಹಳ ಕೆಳಗೆ ಇರುತ್ತದೆ. ದಿಕ್ಕು ಬದಲಿಸುವಾಗ ಪ್ರತಿ ಸಲ ಮಡಚಿ ಬಗ್ಗಬೇಕು, ಇಪ್ಪತ್ತರಲ್ಲಿ ಅದು ಆಟ, ಐವತ್ತೆರಡರಲ್ಲಿ ಅದು ಸೊಂಟಕ್ಕೆ ಪೂಜೆ. ಜೈಬ್ ಮಾಡುವಾಗ, ಅಂದರೆ ಗಾಳಿಗೆ ಬೆನ್ನು ಕೊಟ್ಟು ಹಾಯಿಯನ್ನು ಆ ಕಡೆಯಿಂದ ಈ ಕಡೆಗೆ ಬಿಡುವಾಗ, ಹಾಯಿಯನ್ನು ಹಿಡಿದಿರುವ ಮೇನ್‌ಶೀಟ್ ಹಗ್ಗ ಹೋಗಿ ದೋಣಿಯ ಹಿಂದಿನ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸರಿಯಾದ ಕ್ಷಣಕ್ಕೆ ಹಗ್ಗವನ್ನು ಒಂದು ಜಗ್ಗು ಜಗ್ಗಬೇಕು, ಇಲ್ಲದಿದ್ದರೆ ದೋಣಿ ತಿರುಗಿ ನಿಂತು ನಿಮ್ಮನ್ನು ನೀರಿಗೆ ಹಾಕುತ್ತದೆ. ಇನ್ನು ಗಾಳಿ ಬೆನ್ನ ಹಿಂದಿನಿಂದ ಜೋರಾಗಿ ಬಂದಾಗ ದೋಣಿ ಅಲುಗಾಡಲು ಶುರು ಮಾಡುತ್ತದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಕೊನೆಗೆ ನೀವು ಕೂತ ಕಡೆಗೇ ಮಗುಚಿ ನಿಮ್ಮ ಮೇಲೆ ಬೀಳುತ್ತದೆ. ಹೆದರಿ ಹಾಯಿಯನ್ನು ಇನ್ನೂ ಬಿಡುವುದು ಎಲ್ಲರೂ ಮಾಡುವ ತಪ್ಪು. ಸ್ವಲ್ಪ ಒಳಗೆ ಎಳೆದುಕೊಳ್ಳಬೇಕು. ನನಗೆ ಇದು ತಲೆಗೆ ಹೋಗಲಿಕ್ಕೆ ಒಂದು ಇಡೀ ಸೀಸನ್ ಬೇಕಾಯಿತು.

ಮತ್ತೆ ಮೊಣಕಾಲು. ಹೈಕಿಂಗ್ ಮಾಡಿದರೆ ತೊಡೆ ಉರಿಯುತ್ತದೆ, ಅದು ಪರವಾಗಿಲ್ಲ, ಮೊಣಕಾಲು ನೋವು ಮಾತ್ರ ಬೇರೆ ಸಂಗತಿ. ಡೆನ್ಮಾರ್ಕಿನ ಪೌಲ್ ಎಲ್ವ್‌ಸ್ಟ್ರಾಮ್ ಅಂತ ಒಬ್ಬರು, 1948ರಿಂದ 1960ರ ತನಕ ಸಾಲಾಗಿ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು, ಮನೆಯಲ್ಲಿ ಬೆಂಚು ಇಟ್ಟು ಅದರ ಮೇಲೆ ನೇತಾಡಿ ಅಭ್ಯಾಸ ಮಾಡುತ್ತಿದ್ದರಂತೆ. ನಾನೂ ಜಗಲಿಯಲ್ಲಿ ಒಂದು ಬೆಂಚಿಗೆ ಸ್ಕೂಟರಿನ ಟ್ಯೂಬ್ ಕಟ್ಟಿ ಮಾಡಿ ನೋಡಿದೆ. ಮನೆಯವಳು ಎರಡು ದಿನ ನೋಡಿದಳು, ಮೂರನೆಯ ದಿನ ಆ ಬೆಂಚಿನ ಮೇಲೆ ಹಪ್ಪಳ ಒಣಗಿಸಿದಳು.

ಹಳೆ ದೋಣಿ ನೋಡಲಿಕ್ಕೆ ಹೋಗುವಾಗ ಒಂದು ಚೊಂಬು ನೀರು ಕೇಳಿ. ಕುಡಿಯಲಿಕ್ಕಲ್ಲ. ಮಾಸ್ಟ್ ನಿಲ್ಲಿಸುವ ಗುಂಡಿ ಇರುತ್ತದೆ ಮುಂದುಗಡೆ, ಅದಕ್ಕೆ ನೀರು ತುಂಬಿಸಿ ಹದಿನೈದು ನಿಮಿಷ ಬಿಡಿ. ನೀರು ಇಳಿದರೆ ಗುಂಡಿಯ ತಳ ಸೋರುತ್ತಿದೆ ಅಂತ ಅರ್ಥ. ಅದು ಹಾಗೇ ಬಿಟ್ಟರೆ ಒಂದು ಜೋರು ಗಾಳಿಯ ದಿನ ಮಾಸ್ಟ್ ಡೆಕ್ಕನ್ನು ಸೀಳಿಕೊಂಡು ಹೊರಗೆ ಬರುತ್ತದೆ. ನಾನು ನೋಡಿದ ಮೊದಲ ದೋಣಿಯಲ್ಲಿ ನೀರು ಸ್ನಾನದ ಮನೆಯ ಜಾಲಿಯಲ್ಲಿ ಹೋದ ಹಾಗೆ ಹೋಯಿತು. ಮಾರುವವರು "ಬಿಸಿಲಿಗೆ ಆರಿತು" ಅಂದರು. ನಮಸ್ಕಾರ ಹೇಳಿ ಬಂದೆ.

ಅದಾದ ಮೇಲೆ ಡೆಕ್ಕಿನ ಮೇಲೆ ಅಂಗೈಯಲ್ಲಿ ಒತ್ತಿ ನೋಡಿ, ಮುಖ್ಯವಾಗಿ ಮಾಸ್ಟ್‌ನ ಸುತ್ತ ಮತ್ತು ಕೂರುವ ಜಾಗದ ಪಕ್ಕ. ಹಳಸಿದ ಇಡ್ಲಿಯ ಹಾಗೆ ಮೆತ್ತಗಿದ್ದರೆ ಒಳಗಿನ ಪದರ ಬಿಟ್ಟಿದೆ. ಬೆರಳಿನಿಂದ ತಟ್ಟಿ, ಟಣ್ ಅನ್ನಬೇಕು, ಡೊಬ್ ಅನ್ನಬಾರದು, ತೆಂಗಿನಕಾಯಿ ಆರಿಸುವವರಿಗೆ ಇದನ್ನು ಕಲಿಸಬೇಕಾಗಿಲ್ಲ. ಇಬ್ಬರು ಸೇರಿ ಎತ್ತಿ ನೋಡಿ. ಮೈ 59 ಕಿಲೋ ಇರಬೇಕು, 25 ಕಿಲೋದ ಎರಡು ಅಕ್ಕಿ ಮೂಟೆಗಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ಬಹಳ ಭಾರ ಅನ್ನಿಸಿದರೆ ಒಳಗೆ ನೀರು ಕುಡಿದಿದೆ. ಡ್ಯಾಗರ್‌ಬೋರ್ಡ್ (ದೋಣಿ ಅಡ್ಡ ಜಾರದ ಹಾಗೆ ನೀರಿಗೆ ಇಳಿಸುವ ಹಲಗೆ) ಹೋಗುವ ಸೀಳಿನಲ್ಲಿ, ಚುಕ್ಕಾಣಿ ಸಿಕ್ಕಿಸುವ ಹಿಡಿಗಳಲ್ಲಿ ಬಿರುಕು ನೋಡಿ. ಮಾಸ್ಟ್‌ನ ಮೇಲಿನ ತುಂಡನ್ನು ನೆಲದ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತದೆ, ರಿವೆಟ್ ಇರುವ ಕಡೆ ಬಿಳಿ ಪುಡಿ ಬಂದಿದ್ದರೆ ಅದು ಉಪ್ಪುನೀರು ತಿಂದ ಅಲ್ಯೂಮಿನಿಯಮ್. ಹಾಯಿ ಹಳತಾದರೆ ಬೇಜಾರಿಲ್ಲ, ಮೊದಲ ವರ್ಷ ನಾವು ಮಾಡುವ ತಪ್ಪುಗಳಿಗೆ ಹೊಸ ಹಾಯಿ ದಂಡ. ಕೊನೆಗೆ, ದೊಡ್ಡ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಪಂಗಡದ ಪ್ಲೇಟ್ ದೋಣಿಯ ಮೇಲೆ ಉಂಟಾ ನೋಡಿ. ಅದಿಲ್ಲದ ನಕಲುಗಳು ಬೀಚಿನಲ್ಲಿ ಆಡಲಿಕ್ಕೆ ಸರಿ, ಅಷ್ಟೇ.

ಟ್ರಾಲಿಯನ್ನು ಮರೆಯಬೇಡಿ. ಕೈಗಾಡಿಯ ಸಪೂರ ಚಕ್ರ ನಮ್ಮ ಹೊಯಿಗೆಯಲ್ಲಿ ಹೂತು ಹೋಗುತ್ತದೆ, ದಪ್ಪ ಬಲೂನ್ ಟಯರ್ ಬೇಕು. ನಾನು ಮೊದಲ ತಿಂಗಳು ಮೀನುಗಾರ ಹುಡುಗರಿಗೆ ಎಷ್ಟು ಚಹಾ ಕುಡಿಸಿದೆನೋ, ಆ ದುಡ್ಡಿನಲ್ಲಿ ಟಯರ್ ಬರುತ್ತಿತ್ತು.

ಇಳಿಸುವ ಜಾಗದ ಬಗ್ಗೆ ನೀವು ಏನೂ ಬರೆದಿಲ್ಲ. ದೋಣಿ ತಗೊಳ್ಳುವ ಮೊದಲೇ ಯೋಚಿಸಬೇಕಾದದ್ದು ಅದು. ಸುರತ್ಕಲ್, ಪಣಂಬೂರು, ತಣ್ಣೀರುಬಾವಿ ಎಲ್ಲ ತೆರೆದ ಕಡಲು, ದಡದಲ್ಲಿ ತೆರೆ ಒಡೆಯುತ್ತದೆ. ಸರ್ಫಿಂಗ್ ಮಾಡುವವರಿಗೆ ಅದು ಬೇಕು, ಸಸಿಹಿತ್ಲು ಮೂಲ್ಕಿಗೆ ಅವರು ಬರುವುದೇ ಅದಕ್ಕೆ. ಆದರೆ ನಮಗೆ ಚುಕ್ಕಾಣಿ ಮತ್ತು ಡ್ಯಾಗರ್‌ಬೋರ್ಡ್ ಅರ್ಧ ಇಳಿಸಿಕೊಂಡು ಆ ತೆರೆ ದಾಟುವುದು ಶುರುವಿನಲ್ಲಿ ಬೇಡ. ಗುರುಪುರ ಹೊಳೆ ಅಥವಾ ಶಾಂಭವಿ ಹೊಳೆ ನೋಡಿ. ನಮ್ಮ ಕಡೆ ಕೆಮ್ಮಣ್ಣು, ಕೋಡಿ ಬೆಂಗ್ರೆ, ಹಂಗಾರಕಟ್ಟೆಯ ಮಧ್ಯದ ನೀರು. ಅಗಲ ಉಂಟು, ತೆರೆ ಇಲ್ಲ. ತೆಂಗಿನ ತೋಟದ ಮರೆಗೆ ಹೋದರೆ ಗಾಳಿ ಸತ್ತುಹೋಗುತ್ತದೆ, ಮರೆ ದಾಟಿದ ಕೂಡಲೇ ಒಮ್ಮೆಲೇ ಹೊಡೆಯುತ್ತದೆ, ಅದು ಅಭ್ಯಾಸಕ್ಕೆ ಒಳ್ಳೆಯದೇ.

ಮೂರು ವಿಷಯಕ್ಕೆ ಮಾತ್ರ ನನಗೆ ಹೊಳೆಯ ಭಯ. ಒಂದು ಅಳಿವೆ. ಇಳಿತದ ಹೊತ್ತಿಗೆ ನೀರು ಅಳಿವೆ ಬಾಗಿಲಿನ ಕಡೆಗೆ ಜೋರಾಗಿ ಎಳೆಯುತ್ತದೆ, ಗಾಳಿ ನಿಂತರೆ ನೀವೂ ಹೋಗುತ್ತೀರಿ. ಉಬ್ಬರ ಇಳಿತದ ಹೊತ್ತು ನೋಡದೆ ದೋಣಿ ಇಳಿಸಬೇಡಿ. ಇನ್ನೊಂದು ಕರೆಂಟಿನ ತಂತಿ. ಮಾಸ್ಟ್ 6 ಮೀಟರ್ ಆಸುಪಾಸಿನ ಅಲ್ಯೂಮಿನಿಯಮ್ ಕಂಬ, ಕುದ್ರುಗಳಿಗೆ ಹೊಳೆ ದಾಟಿ ಹೋಗುವ ತಂತಿ ಎಲ್ಲೆಲ್ಲಿ ಉಂಟು ಅಂತ ಮೊದಲು ನಡೆದುಕೊಂಡು ಹೋಗಿ ನೋಡಿ ಬನ್ನಿ. ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯ ಅಡಿಯಲ್ಲಿ ನುಗ್ಗುವ ಸಾಹಸವೂ ಬೇಡ, ಮೇಲೆ ನಿಂತವರು ವೀಡಿಯೋ ಮಾಡುತ್ತಾರೆ. ಮೂರನೆಯದ್ದು ಬಲೆ. ಬಲೆ ಹಾಕಿದವರ ಹೊಟ್ಟೆಪಾಡು ಅದು, ನಮ್ಮದು ಮೋಜು. ದಾರಿ ಅವರದ್ದು. ಅವರಲ್ಲಿ ಹೇಳಿ ಹೋದರೆ ನೀವು ಬರಲಿಲ್ಲ ಅಂತ ಹುಡುಕಿಕೊಂಡು ಬರುವವರೂ ಅವರೇ.

ಕಡಲಿಗೆ ಹೋಗುವ ಧೈರ್ಯ ಬಂದ ಮೇಲೆ ಮಲ್ಪೆ ಕಡೆಗೆ ಬನ್ನಿ, ಆದರೆ ಮಧ್ಯಾಹ್ನವೇ ಬನ್ನಿ. ಬೆಳಿಗ್ಗೆ ನಮ್ಮಲ್ಲಿ ಮೂಡುಗಾಳಿ, ನೆಲದಿಂದ ಕಡಲಿಗೆ ಬೀಸುವುದು. ದಡದಲ್ಲಿ ನೀರು ಕನ್ನಡಿಯ ಹಾಗೆ ಕಾಣುತ್ತದೆ, ನಂಬಿ ಹೋದರೆ, ಹಗ್ಗ ತುಂಡಾಯಿತು ಅಂತಿಟ್ಟುಕೊಳ್ಳಿ, ಗಾಳಿ ನಿಮ್ಮನ್ನು ಸೇಂಟ್ ಮೇರಿಸ್ ದ್ವೀಪ ದಾಟಿಸಿ ಅರಬ್ಬಿ ಕಡೆಗೆ ಕಳಿಸುತ್ತದೆ. ನಾನು ಅಲ್ಲಿ 26 ವರ್ಷ ಇದ್ದವನು, ಮತ್ತೆ ಹೋಗುವ ಆಸೆ ಇಲ್ಲ. ಮಧ್ಯಾಹ್ನದ ಪಡುಗಾಳಿ ಕಡಲಿನಿಂದ ದಡಕ್ಕೆ, ಏನೇ ಮುರಿದರೂ ಮನೆ ಕಡೆಗೇ ತರುತ್ತದೆ. ಲೈಫ್ ಜಾಕೆಟ್, ಸೀಟಿ, ಹಗ್ಗ ಕತ್ತರಿಸಲಿಕ್ಕೆ ಸಣ್ಣ ಚೂರಿ, ಪ್ಲಾಸ್ಟಿಕ್ ಚೀಲದಲ್ಲಿ ಫೋನ್, ಅದರಲ್ಲಿ ಕೋಸ್ಟ್ ಗಾರ್ಡ್‌ನ 1554. ಅಕ್ಟೋಬರ್‌ನಿಂದ ಮೇ ಮಧ್ಯದ ತನಕ ನಮ್ಮ ಸೀಸನ್. ಜೂನ್ ಜುಲೈಯಲ್ಲಿ 61 ದಿನ ಯಾಂತ್ರಿಕ ದೋಣಿಗಳೇ ಬಂದರಿನಲ್ಲಿ ಕಟ್ಟಿರುತ್ತವೆ, ನೀವು ಹೋಗಿ ಎಂತ ಮಾಡುವುದು, ದೋಣಿ ಮಗುಚಿ ಹಾಕಿ, ಬಿರಡೆ ತೆಗೆದು, ತಾಡಪಾಲು ಹೊದಿಸಿ ಇಡಿ.

ಸಂಪಾದಕರೇ, ನಿಮಗೂ ಎರಡು ಮಾತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಇಲ್ಕಾ 4ರಲ್ಲಿ ಬೆಳ್ಳಿ ಗೆದ್ದರು, ವಿಷ್ಣು ಸರವಣನ್ ಇಲ್ಕಾ 7ರಲ್ಲಿ ಕಂಚು. ಅದಕ್ಕೆ ಮೊದಲು 2018ರಲ್ಲಿ ಹರ್ಷಿತಾ ತೋಮರ್ ಇದೇ 4.7ರ ಸಣ್ಣ ಹಾಯಿಯ ಲೇಸರ್‌ನಲ್ಲಿ ಕಂಚು. ನೇಹಾ, ಹರ್ಷಿತಾ ಇಬ್ಬರೂ ಎಲ್ಲಿಯವರು ಗೊತ್ತಾ? ಮಧ್ಯಪ್ರದೇಶ. ಕಡಲು ನೋಡಬೇಕಾದರೆ ಒಂದು ರಾತ್ರಿ ರೈಲಿನಲ್ಲಿ ಕೂರಬೇಕು, ಅಂಥ ಊರು. ಭೋಪಾಲದ ದೊಡ್ಡ ಕೆರೆಯಲ್ಲಿ ಕಲಿತ ಮಕ್ಕಳು. ನಮ್ಮ ರಾಜ್ಯಕ್ಕೆ 300 ಕಿ.ಮೀ.ಗಿಂತ ಜಾಸ್ತಿ ಕಡಲತೀರ ಉಂಟು, ಹಿಂದೆ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಅನ್ನುವ ಹಾಯಿ ಕಟ್ಟಿದ ಸರಕುದೋಣಿಗಳು ಲಕ್ಷದ್ವೀಪಕ್ಕೆ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದವು, ಆದರೆ ಈಗ ಜಲಕ್ರೀಡೆ ಅಂದರೆ ನಿಮ್ಮ ಪುಟದಲ್ಲಿ ಜೆಟ್‌ಸ್ಕೀ ಮತ್ತು ಬಾಳೆಹಣ್ಣಿನ ಆಕಾರದ ಬಲೂನು. ಅದನ್ನು ಬೇಡ ಅನ್ನುವುದಿಲ್ಲ, ಅದರಿಂದ ಹತ್ತು ಮನೆಗೆ ಅನ್ನ ಉಂಟು. ಹೊಳೆಯ ಬದಿಯಲ್ಲಿ ಒಂದು ಕಾಂಕ್ರೀಟ್ ಇಳಿಜಾರು, ದೋಣಿ ಇಡಲಿಕ್ಕೆ ಒಂದು ಶೆಡ್, ಸಿಹಿನೀರಿನ ಒಂದು ನಲ್ಲಿ, ಇಷ್ಟು ಮಾಡಿಕೊಟ್ಟರೆ ಸಾಕು ಅಂತ ಸಂಬಂಧಪಟ್ಟವರ ಕಿವಿಗೆ ಬೀಳುವ ಹಾಗೆ ಒಮ್ಮೆ ಬರೆಯಿರಿ. ಪದಕ ಬಂದ ದಿನ ಮಾತ್ರ ಮೂರು ಕಾಲಮ್ ಬರೆಯುವುದಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಸುರತ್ಕಲ್‌ನವರೇ, ಈಗ ನಮ್ಮ ಕಡೆ ಎರಡು ದೋಣಿ ಉಂಟು. ನನ್ನದು, ಮತ್ತೆ ನನಗಿಂತ ಹದಿನೈದು ವರ್ಷ ಸಣ್ಣವರಾದ ಒಬ್ಬ ಡಾಕ್ಟರದ್ದು. ಭಾನುವಾರ ಎರಡು ಗಂಟೆಗೆ ನೀರಲ್ಲಿ ತೇಲುವ ಒಂದು ಬಲೆಯ ಬುರುಡೆಯಿಂದ ಇನ್ನೊಂದು ಬುರುಡೆಗೆ ಸುತ್ತು ಹಾಕುತ್ತೇವೆ. ಅವರು 84 ಕಿಲೋ, 7ರ ಹಾಯಿ. ಗಾಳಿ ಜೋರಾದ ದಿನ ಅವರು ಮುಂದೆ, ಮೂಲೆ ತಿರುಗುವಲ್ಲಿ ಅವರ ಹಗ್ಗ ಸಿಕ್ಕಿಹಾಕಿಕೊಂಡ ದಿನ ನಾನು. ಮೂರನೆಯ ದೋಣಿ ಬಂದರೆ ಕೊನೆಗೆ ಬರುವುದು ಯಾರು ಅಂತ ಒಂದು ಕುತೂಹಲವಾದರೂ ಇರುತ್ತದೆ. ಸದ್ಯಕ್ಕೆ ನೀವು ಏನೂ ತಗೊಳ್ಳಬೇಡಿ. ಸಂಪಾದಕರ ಮೂಲಕ ನನ್ನ ನಂಬರ್ ಪಡೆದು ಒಂದು ಭಾನುವಾರ ಕೆಮ್ಮಣ್ಣಿಗೆ ಬನ್ನಿ, ಎರಡೂ ಹಾಯಿ ಹಾಕಿ ನೋಡುವಿರಂತೆ. ಬದಲಿ ಬಟ್ಟೆ ತನ್ನಿ, ಮಗುಚುವುದು ಖಂಡಿತ. ತೂಕವನ್ನು ಮಾತ್ರ ಬೆಳಿಗ್ಗೆಯೇ ನೋಡಿಕೊಂಡು ಬನ್ನಿ, ಮಧ್ಯಾಹ್ನ ನಮ್ಮ ಮನೆಯಲ್ಲಿ ಕೋರಿರೊಟ್ಟಿ, ಆಮೇಲೆ ನೋಡಿದರೆ ಲೆಕ್ಕ ಸರಿ ಬರುವುದಿಲ್ಲ.

ಇತಿ,
ನಿಮ್ಮ ಓದುಗ,
ಕಲ್ಯಾಣಪುರ, ಉಡುಪಿ